ಯಂತ್ರ ಬರುವ ಮೊದಲೇ ಉರುಳಿಹೋಗುವ ಕಟ್ಟಡಗಳು

ದಾರಿ ಹೇಳುವಾಗ ಜನ ಮೊದಲು ಹೆಸರಿಸುವ, ತಲೆಮಾರುಗಳಿಂದ ಕಣ್ಣಿಗೆ ರೂಢಿಯಾದ ಕಟ್ಟಡವೊಂದನ್ನು ಕೆಡವುವ ದಿನ ಬೇಲಿಯ ಈಚೆ ಒಂದು ಗುಂಪು ಸೇರಿಯೇ ಸೇರುತ್ತದೆ. ಅದರೊಳಗೆ ದುಡಿದವರು, ಓದಿದವರು, ಒಳಗೆ ಒಮ್ಮೆಯೂ ಕಾಲಿಡದೆ ದಿನವೂ ಅದರ ಮುಂದೆ ಹಾದುಹೋದವರು ಎಲ್ಲರೂ ಆ ಗುಂಪಿನಲ್ಲಿರುತ್ತಾರೆ. ದೂಳು ಏಳತೊಡಗಿದಾಗ ಅಲ್ಲಿ ಕೇಳಿಬರುವ ಮಾತು ಬಹುಮಟ್ಟಿಗೆ ಒಂದೇ: ಇದನ್ನು ಯಾರೂ ಯಾಕೆ ತಡೆಯಲಿಲ್ಲ? ಪ್ರಶ್ನೆ ನ್ಯಾಯವಾದದ್ದು. ಆದರೆ ಅದಕ್ಕೆ ಉತ್ತರ ಹುಡುಕಬೇಕಾದದ್ದು ಆ ದಿನದ ಘಟನೆಗಳಲ್ಲಲ್ಲ. ಯಂತ್ರದ ಮೊದಲ ಹೊಡೆತ ಬೀಳುವ ಹೊತ್ತಿಗೆ ದುರಸ್ತಿಯ ಹಣ ನಿಂತು ಎಷ್ಟೋ ವರ್ಷಗಳಾಗಿರುತ್ತವೆ, ಕಟ್ಟಡ ಶಿಥಿಲವೆಂಬ ವರದಿ ಸಲ್ಲಿಕೆಯಾಗಿರುತ್ತದೆ, ಸಂರಕ್ಷಿತ ಪಟ್ಟಿಯಲ್ಲಿ ಅದರ ಹೆಸರಿಲ್ಲವೆಂಬುದು ಖಚಿತವಾಗಿರುತ್ತದೆ, ಹೊಸ ಕಟ್ಟಡದ ನಕ್ಷೆಗೆ ಒಪ್ಪಿಗೆ ಸಿಕ್ಕಿರುತ್ತದೆ. ಇವುಗಳಲ್ಲಿ ಒಂದನ್ನಾದರೂ ನೋಡಲು ಯಾವ ಗುಂಪೂ ಸೇರುವುದಿಲ್ಲ. ಸಾರ್ವಜನಿಕರು ಕೊನೆಗಳಿಗೆಯಲ್ಲಿ ಬಂದು ಅಡ್ಡಿಪಡಿಸುತ್ತಾರೆ ಎಂದು ಆಡಳಿತಗಳು ದೂರುವುದುಂಟು. ನನ್ನ ಅಭಿಪ್ರಾಯದಲ್ಲಿ ಜನ ತಡವಾಗಿ ಬರುವುದಕ್ಕೆ ಅವರ ಉದಾಸೀನವೊಂದೇ ಕಾರಣವಲ್ಲ; ನಿರ್ಧಾರ ನಿಜವಾಗಿ ಆಗುವ ಹಂತಗಳಲ್ಲಿ ಅವರಿಗೆ ಮಾತನಾಡುವ ಸ್ಥಾನವನ್ನೇ ಇಟ್ಟಿರುವುದಿಲ್ಲ.

ಇದಕ್ಕೆ ಬಹಳ ಸ್ಪಷ್ಟವಾದ ನಿದರ್ಶನ ನ್ಯೂಯಾರ್ಕಿನ ಪೆನ್ಸಿಲ್ವೇನಿಯಾ ರೈಲು ನಿಲ್ದಾಣ. ಮೆಕಿಮ್, ಮೀಡ್ ಅಂಡ್ ವೈಟ್ ಸಂಸ್ಥೆಯ ವಾಸ್ತುಶಿಲ್ಪಿಗಳು ರೂಪಿಸಿದ ಈ ನಿಲ್ದಾಣ 1910ರಲ್ಲಿ ತೆರೆಯಿತು. ಅದರ ನಿರೀಕ್ಷಣಾ ಸಭಾಂಗಣಕ್ಕೆ ಪ್ರಾಚೀನ ರೋಮಿನ ಕ್ಯಾರಕಲ್ಲ ಸ್ನಾನಗೃಹಗಳೇ ಮಾದರಿಯಾಗಿದ್ದವು. ಎರಡನೆಯ ಮಹಾಯುದ್ಧದ ನಂತರ ಪ್ರಯಾಣಿಕರು ಕಾರು, ವಿಮಾನಗಳ ಕಡೆಗೆ ಹೊರಳಿದರು, ರೈಲ್ವೆ ಕಂಪನಿ ನಷ್ಟಕ್ಕಿಳಿಯಿತು, ನಿಲ್ದಾಣದ ಮೇಲಿನ ಜಾಗವನ್ನು ಮಾರಿ ಅಲ್ಲಿ ಕ್ರೀಡಾಂಗಣ ಮತ್ತು ಕಚೇರಿ ಗೋಪುರ ಕಟ್ಟುವ ಒಪ್ಪಂದ ಮಾಡಿಕೊಂಡಿತು. 1962ರ ಆಗಸ್ಟ್‌ನಲ್ಲಿ ನೂರಕ್ಕೂ ಹೆಚ್ಚು ಮಂದಿ, ಹೆಸರಾಂತ ವಾಸ್ತುಶಿಲ್ಪಿಗಳೂ ಸೇರಿದಂತೆ, ಫಲಕ ಹಿಡಿದು ನಿಲ್ದಾಣದ ಮುಂದೆ ಪ್ರತಿಭಟಿಸಿದರು. ವಿಷಯ ನಗರ ಯೋಜನಾ ಆಯೋಗದ ಮುಂದೆಯೂ ಬಂದಿತು. ಆದರೆ ಆಯೋಗಕ್ಕೆ ಕೇಳಲು ಅಧಿಕಾರವಿದ್ದ ಪ್ರಶ್ನೆ ಒಂದೇ: ಆ ಜಾಗದಲ್ಲಿ ಅಷ್ಟು ದೊಡ್ಡ ಕ್ರೀಡಾಂಗಣಕ್ಕೆ ಅನುಮತಿ ಕೊಡಬಹುದೇ? ಕೆಡವಲಾಗುವ ಕಟ್ಟಡದ ಮೌಲ್ಯವನ್ನು ತೂಗಿನೋಡುವ ಅಧಿಕಾರ ಆ ಆಯೋಗಕ್ಕೂ ಇರಲಿಲ್ಲ, ನಗರದ ಬೇರೆ ಯಾವ ಕಚೇರಿಗೂ ಇರಲಿಲ್ಲ. 1963ರ ಅಕ್ಟೋಬರ್ 28ರಂದು ಆರಂಭವಾದ ಕೆಡಹುವಿಕೆ ಸುಮಾರು 3 ವರ್ಷ ನಡೆಯಿತು. ಕೆಳಗೆ ರೈಲುಗಳು ಓಡುತ್ತಲೇ ಇದ್ದವು, ಮೇಲೆ ಗ್ರಾನೈಟ್ ಕಂಬಗಳು ಒಂದೊಂದಾಗಿ ಇಳಿಯುತ್ತಿದ್ದವು. ಪ್ರತಿಭಟಿಸಿದವರು ವಾದದಲ್ಲಿ ಸೋತರೆಂದು ನಾನು ಒಪ್ಪಲಾರೆ. ಅವರ ವಾದವನ್ನು ದಾಖಲಿಸಿಕೊಳ್ಳುವ ಕಡತವೇ ಆ ನಗರದಲ್ಲಿ ಇರಲಿಲ್ಲ.

ಆ ನಿಲ್ದಾಣಕ್ಕೆ ಆಗ 53 ವರ್ಷ. ಈ ಅಂಕಿಯನ್ನು ನೆನಪಿಡಬೇಕು, ಏಕೆಂದರೆ ಉರುಳಿದ ಪ್ರಸಿದ್ಧ ಕಟ್ಟಡಗಳ ವಯಸ್ಸನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅವು ಅಚ್ಚರಿ ಹುಟ್ಟಿಸುವಷ್ಟು ಹತ್ತಿರ ಬರುತ್ತವೆ. ಫ್ರ್ಯಾಂಕ್ ಲಾಯ್ಡ್ ರೈಟ್ ವಿನ್ಯಾಸಗೊಳಿಸಿದ ಟೋಕಿಯೊದ ಇಂಪೀರಿಯಲ್ ಹೋಟೆಲ್ 1923ರಲ್ಲಿ ಪೂರ್ಣಗೊಂಡು, ಅದೇ ವರ್ಷದ ಮಹಾಭೂಕಂಪವನ್ನು ತಾಳಿಕೊಂಡು, 1968ರ ಹೊತ್ತಿಗೆ ನೆಲಸಮವಾಯಿತು. ವಾಸ್ತುಶಿಲ್ಪಿ ಕಿಶೊ ಕುರೊಕಾವ ಅವರ, ಟೋಕಿಯೊದಲ್ಲೇ ಇದ್ದ ನಕಗಿನ್ ಕ್ಯಾಪ್ಸೂಲ್ ಗೋಪುರ 1972ರಲ್ಲಿ ಎದ್ದು 2022ರಲ್ಲಿ ಇಳಿಯಿತು. ರಾಜ್ ರೇವಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ ಸೇರಿ ಕಟ್ಟಿದ ದೆಹಲಿಯ ಪ್ರಗತಿ ಮೈದಾನದ ಹಾಲ್ ಆಫ್ ನೇಷನ್ಸ್ 1972ರಿಂದ 2017ರವರೆಗೆ ನಿಂತಿತ್ತು. 45, 50, 45. ಇದು ಕಾಕತಾಳೀಯವಲ್ಲ ಎಂದೇ ನನಗೆ ತೋರುತ್ತದೆ. ನಲವತ್ತರಿಂದ ಅರವತ್ತರ ನಡುವೆ ಕಟ್ಟಡವೊಂದಕ್ಕೆ ದೊಡ್ಡ ದುರಸ್ತಿ ಬೇಕಾಗುತ್ತದೆ: ಕೊಳವೆಗಳು, ವಿದ್ಯುತ್ ತಂತಿಗಳು, ಚಾವಣಿಯ ನೀರುತಡೆ ಪದರಗಳು ಹೆಚ್ಚುಕಡಿಮೆ ಒಟ್ಟಿಗೆ ಆಯುಷ್ಯ ಮುಗಿಸುತ್ತವೆ. ಅದೇ ಹೊತ್ತಿಗೆ ಅದರ ಶೈಲಿ ಹಳತಾಗಿ ಕಾಣತೊಡಗುತ್ತದೆ, ಆದರೆ ಪ್ರಾಚೀನವೆನಿಸುವಷ್ಟು ಹಳೆಯದಾಗಿರುವುದಿಲ್ಲ. ಕಟ್ಟಿಸಿದ ತಲೆಮಾರು ಅಧಿಕಾರದಿಂದ ಸರಿದಿರುತ್ತದೆ. ಅದನ್ನು ಬಾಲ್ಯದ ಕಣ್ಣಿನಿಂದ ಕಂಡವರಿಗೆ ಇನ್ನೂ ಅಧಿಕಾರ ಬಂದಿರುವುದಿಲ್ಲ.

ರಕ್ಷಣೆಯ ಕಾನೂನುಗಳು ಹಲವು ಕಡೆ ಈ ಅಪಾಯದ ವಯಸ್ಸಿನಲ್ಲಿ ನೆರವಿಗೆ ಬರುವ ಬದಲು ಹಿಂದೆ ಸರಿದುಬಿಡುತ್ತವೆ. ನ್ಯೂಯಾರ್ಕ್ ನಗರದ ಹೆಗ್ಗುರುತು ಪಟ್ಟಿಗೆ ಸೇರಲು ಕಟ್ಟಡಕ್ಕೆ 30 ವರ್ಷವಾದರೆ ಸಾಕು. ಇಂಗ್ಲೆಂಡ್ ಕೂಡ ಸಾಮಾನ್ಯವಾಗಿ 30 ವರ್ಷವನ್ನೇ ಅಳತೆಗೋಲಾಗಿ ಇಟ್ಟುಕೊಂಡು, ಅಸಾಧಾರಣ ಮೌಲ್ಯವಿದ್ದರೆ ಅದಕ್ಕೂ ಮುಂಚೆ ಪರಿಗಣಿಸುತ್ತದೆ. ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ದಾಖಲೆಗೆ ಸೇರಲು ಸಾಮಾನ್ಯವಾಗಿ 50 ವರ್ಷ ತುಂಬಿರಬೇಕು. ಭಾರತದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಸ್ಮಾರಕವೆನಿಸಿಕೊಳ್ಳಲು ಕನಿಷ್ಠ 100 ವರ್ಷ ಬೇಕು. ಹಾಲ್ ಆಫ್ ನೇಷನ್ಸ್ ಈ ಕಂದಕದಲ್ಲಿಯೇ ಬಿದ್ದಿತು. ಉಕ್ಕು ದುಬಾರಿಯಾಗಿದ್ದ ಕಾಲದಲ್ಲಿ, ಬೇರೆಡೆ ಉಕ್ಕಿನ ಕೊಳವೆಗಳಿಂದ ಕಟ್ಟುವ ತ್ರಿಕೋನಾಕೃತಿಯ ಜಾಲರಚನೆಯನ್ನು ಸ್ಥಳದಲ್ಲೇ ಕಾಂಕ್ರೀಟ್ ಎರಕ ಹೊಯ್ದು ಕೈಕೆಲಸಗಾರರಿಂದಲೇ ಎಬ್ಬಿಸಿದ ಆ ಸಭಾಂಗಣ, ಸ್ವಾತಂತ್ರ್ಯದ ಇಪ್ಪತ್ತೈದನೆಯ ವರ್ಷದಲ್ಲಿ ನಡೆದ ಏಷ್ಯಾ 72 ವ್ಯಾಪಾರ ಮೇಳಕ್ಕಾಗಿ ನಿರ್ಮಾಣವಾಗಿತ್ತು. ಅದನ್ನು ಉಳಿಸಬೇಕೆಂದು ದೇಶವಿದೇಶಗಳ ವಾಸ್ತುಶಿಲ್ಪಿಗಳು ಬರೆದರು. ದೆಹಲಿಯ ಪರಂಪರೆ ಸಂರಕ್ಷಣಾ ಸಮಿತಿ 60 ವರ್ಷ ತುಂಬದ ಕಟ್ಟಡಗಳನ್ನು ಪರಿಗಣಿಸುವುದಿಲ್ಲವೆಂಬ ನಿಲುವು ತಳೆಯಿತು. ಕಟ್ಟಡದ ಗುಣ ಚರ್ಚೆಗೆ ಬರುವ ಮೊದಲೇ ಅದರ ಜನ್ಮವರ್ಷ ಬಾಗಿಲು ಮುಚ್ಚಿತು. ವಯಸ್ಸಿನ ಮಿತಿ ಆಡಳಿತಕ್ಕೆ ಅನುಕೂಲಕರ, ಏಕೆಂದರೆ ಅದು ಯಾರನ್ನೂ ಯೋಚಿಸಲು ಹಚ್ಚುವುದಿಲ್ಲ. ಆದರೆ ನೂರು ವರ್ಷದ ಕಟ್ಟಡ ಬೇಕೆನ್ನುವವರು ಐವತ್ತನೆಯ ವರ್ಷದಲ್ಲಿ ಅದನ್ನು ದಾಟಿಸಲೇಬೇಕು. ಆ ನಡುವಿನ ದಾರಿಗೆ ಯಾರೂ ಹೊಣೆಯಾಗದಿದ್ದರೆ ನೂರನೆಯ ವರ್ಷಕ್ಕೆ ತಲುಪುವುದು ಬರೀ ಅದೃಷ್ಟದಿಂದ.

ಇನ್ನು ಶಿಥಿಲತೆಯ ಮಾತು. ಕೆಡವುವ ನಿರ್ಧಾರಗಳ ಹಿಂದೆ ಬಹಳ ಸಲ ಇರುವುದು ಈ ಒಂದು ಪದ, ಮತ್ತು ಅದನ್ನು ಒಪ್ಪಿಕೊಳ್ಳುವ ಮೊದಲು ಕಟ್ಟಡ ಶಿಥಿಲವಾದದ್ದು ಹೇಗೆಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಹಳೆಯ ಗೋಡೆಗಳ ಮೊದಲ ಶತ್ರು ನೀರು. ಚಾವಣಿಯ ಒಂದು ತೂತು, ಎಲೆ ತುಂಬಿ ಕಟ್ಟಿಕೊಂಡ ಒಂದು ನೀರುಗೊಳವೆ, ಬಿರುಕಿನಲ್ಲಿ ಬೇರು ಬಿಟ್ಟ ಒಂದು ಗಿಡ, ಇಷ್ಟು ಸಾಕು. ಆರಂಭದಲ್ಲಿ ಒಂದು ದಿನದ ಕೆಲಸದಿಂದ ಸರಿಯಾಗಬಹುದಾದದ್ದು ಕೆಲವು ಮಳೆಗಾಲಗಳ ನಂತರ ತೊಲೆಯ ತುದಿಯನ್ನು ಕೊಳೆಯಿಸಿರುತ್ತದೆ, ಕಾಂಕ್ರೀಟಿನೊಳಗಿನ ಕಂಬಿಗೆ ತುಕ್ಕು ಹಿಡಿಸಿರುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬಿ ಸುತ್ತಲಿನ ಕಾಂಕ್ರೀಟನ್ನೇ ಸಿಡಿಸುತ್ತದೆ. ತಪ್ಪು ದುರಸ್ತಿಯೂ ಅಷ್ಟೇ ಕೇಡು ಮಾಡುತ್ತದೆ. ಸುಣ್ಣದ ಗಾರೆಯಿಂದ ಕಟ್ಟಿದ ಗೋಡೆ ತೇವವನ್ನು ಹೀರಿ ಹೊರಬಿಡುತ್ತದೆ, ಋತುಮಾನಕ್ಕೆ ತಕ್ಕಂತೆ ಅಲ್ಪಸ್ವಲ್ಪ ಬಾಗಿಕೊಳ್ಳುತ್ತದೆ. ಅದರ ಸಂದುಗಳಿಗೆ ಗಟ್ಟಿ ಸಿಮೆಂಟು ತುಂಬಿದರೆ ತೇವ ಒಳಗೇ ಸಿಕ್ಕಿಬಿದ್ದು, ಸಿಮೆಂಟಿಗಿಂತ ಮೃದುವಾದ ಇಟ್ಟಿಗೆಯೂ ಕಲ್ಲೂ ಪುಡಿಯಾಗತೊಡಗುತ್ತವೆ. ಗಟ್ಟಿಮಾಡಲೆಂದು ಹಚ್ಚಿದ ವಸ್ತುವೇ ಗೋಡೆಯನ್ನು ತಿನ್ನುತ್ತದೆ. ನಕಗಿನ್ ಗೋಪುರದ ಕಥೆಯಲ್ಲಿ ಈ ಉಪೇಕ್ಷೆ ಎದ್ದು ಕಾಣುತ್ತದೆ. ಅದರ 140 ಕೋಶಗಳನ್ನು, ಅಂದರೆ ಬಿಡಿಬಿಡಿಯಾಗಿ ಜೋಡಿಸಿದ ಪುಟ್ಟ ಕೊಠಡಿಗಳನ್ನು, ಸುಮಾರು 25 ವರ್ಷಕ್ಕೊಮ್ಮೆ ಕಳಚಿ ಹೊಸದನ್ನು ಜೋಡಿಸುವಂತೆ ವಾಸ್ತುಶಿಲ್ಪಿ ಯೋಜಿಸಿದ್ದರು. ಐವತ್ತು ವರ್ಷಗಳಲ್ಲಿ ಒಂದನ್ನೂ ಬದಲಿಸಲಿಲ್ಲ. ಕೊನೆಗೆ ಸೋರಿಕೆಯೂ ಕಲ್ನಾರೂ (ಆಸ್ಬೆಸ್ಟಾಸ್) ಅದನ್ನು ಕೆಡವಲು ಕಾರಣವಾಗಿ ನಿಂತವು.

ಹೀಗೆ ಸೊರಗಿದ ಕಟ್ಟಡದ ಬಗ್ಗೆ ತಜ್ಞರ ವರದಿ ಬರುತ್ತದೆ. ವರದಿಯ ಪ್ರಾಮಾಣಿಕತೆಯನ್ನು ಅನುಮಾನಿಸಬೇಕಾಗಿಲ್ಲ. ಗಮನಿಸಬೇಕಾದದ್ದು ತಜ್ಞರ ಮುಂದಿಟ್ಟ ಪ್ರಶ್ನೆಯನ್ನು. ಕಟ್ಟಡ ಈಗ ಇರುವ ಸ್ಥಿತಿಯಲ್ಲಿ ಸುರಕ್ಷಿತವೇ ಎಂಬುದು ಒಂದು ಪ್ರಶ್ನೆ. ಅದನ್ನು ಸುರಕ್ಷಿತಗೊಳಿಸಲು ಏನೇನು ಮಾಡಬೇಕು, ಅದಕ್ಕೆ ಎಷ್ಟು ಕಾಲ ಮತ್ತು ವೆಚ್ಚ ಬೇಕು ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಅಲ್ಲವೆಂಬ ಉತ್ತರ ಬಂದ ಕೂಡಲೇ ಎರಡನೆಯದನ್ನು ಕೇಳದೆಯೇ ಕಡತ ಮುಂದೆ ಸಾಗುವುದನ್ನು ಮತ್ತೆ ಮತ್ತೆ ಕಾಣುತ್ತೇವೆ. ಗೋಡೆಯ ಒಳಪೊಳ್ಳಿಗೆ ಸುಣ್ಣದ ದ್ರವ ತುಂಬುವುದು, ಉಕ್ಕಿನ ಸರಳುಗಳಿಂದ ಎದುರುಬದುರಿನ ಗೋಡೆಗಳನ್ನು ಬಿಗಿಯುವುದು, ಕೊಳೆತ ತೊಲೆಯ ತುದಿಯನ್ನು ಮಾತ್ರ ಬದಲಿಸುವುದು, ಕಾಂಕ್ರೀಟ್ ಕಂಬಕ್ಕೆ ಹೊರಕವಚ ಹಾಕುವುದು ಮುಂತಾದ ವಿಧಾನಗಳು ಇಂದು ಎಂಜಿನಿಯರಿಂಗ್‌ನಲ್ಲಿ ಸಾಮಾನ್ಯ. ವರದಿಯಲ್ಲಿ ಇವುಗಳ ಪ್ರಸ್ತಾಪವೇ ಇಲ್ಲದಿದ್ದರೆ ಅದನ್ನು ಪೂರ್ಣ ವರದಿಯೆಂದು ಸ್ವೀಕರಿಸಬಾರದು. ನಿಜವಾಗಿಯೂ ಉಳಿಸಲಾಗದ ಕಟ್ಟಡಗಳಿವೆ, ಅವುಗಳೊಳಗೆ ಜನರನ್ನು ಬಿಡುವುದು ಅಪರಾಧ. ಆದ್ದರಿಂದಲೇ ಎರಡೂ ಪ್ರಶ್ನೆಗಳಿಗೆ ಪ್ರತ್ಯೇಕ ಉತ್ತರ ಬೇಕು, ಮತ್ತು ಎರಡನೆಯದಕ್ಕೆ ಉತ್ತರ ಕೊಡುವವರು ಹೊಸ ನಿರ್ಮಾಣದಿಂದ ಲಾಭ ಪಡೆಯುವವರ ಸಂಬಳದಲ್ಲಿ ಇರಬಾರದು.

ವರದಿಗಿಂತ ಹಿಂದೆ ನಿಂತು ಎಲ್ಲವನ್ನೂ ಎಳೆಯುವ ಶಕ್ತಿ ನೆಲದ ಬೆಲೆ. ನಗರ ಬೆಳೆದಂತೆ ಕಟ್ಟಡದ ಬೆಲೆ ಇಳಿಯುತ್ತದೆ, ಅದು ನಿಂತ ಜಾಗದ ಬೆಲೆ ಏರುತ್ತದೆ. ಎರಡಂತಸ್ತಿನ ಕಟ್ಟಡದ ಜಾಗದಲ್ಲಿ ಇಪ್ಪತ್ತಂತಸ್ತು ಕಟ್ಟಲು ನಿಯಮ ಅವಕಾಶ ಕೊಟ್ಟರೆ ಉಳಿದ ಹದಿನೆಂಟು ಅಂತಸ್ತುಗಳು ಮಾಲೀಕರ ಕಣ್ಣಿಗೆ ದಿನವೂ ಆಗುವ ನಷ್ಟವಾಗಿ ಕಾಣುತ್ತವೆ. ಊರಿನ ಪ್ರೀತಿಯ ಭಾರವನ್ನೆಲ್ಲ ಒಬ್ಬ ಮಾಲೀಕ ಹೊರಬೇಕೆನ್ನುವುದು ನ್ಯಾಯವಲ್ಲ ಎಂಬ ವಾದದಲ್ಲಿ ತಿರುಳಿದೆ. ಇದಕ್ಕೆ ನ್ಯೂಯಾರ್ಕ್ ಕಂಡುಕೊಂಡ ದಾರಿ ಗಮನಾರ್ಹ. ಪೆನ್ಸಿಲ್ವೇನಿಯಾ ನಿಲ್ದಾಣ ಇನ್ನೂ ಉರುಳುತ್ತಿದ್ದಾಗಲೇ, 1965ರಲ್ಲಿ, ನಗರ ಹೆಗ್ಗುರುತು ಸಂರಕ್ಷಣಾ ಕಾನೂನು ತಂದಿತು. 1967ರಲ್ಲಿ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣ ಪಟ್ಟಿಗೆ ಸೇರಿತು. ಅದರ ಮಾಲೀಕ ಕಂಪನಿ ನಿಲ್ದಾಣದ ತಲೆಯ ಮೇಲೆ ಕಚೇರಿ ಗೋಪುರ ಕಟ್ಟಲು ಹೊರಟಿತು, ಹೆಗ್ಗುರುತು ಸಂರಕ್ಷಣಾ ಆಯೋಗ ಒಪ್ಪಲಿಲ್ಲ, ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು. 1978ರಲ್ಲಿ 6–3ರ ಬಹುಮತದಿಂದ ನ್ಯಾಯಾಲಯ ನಗರದ ಪರ ತೀರ್ಪಿತ್ತಿತು. ಕಂಪನಿ ನಿಲ್ದಾಣವನ್ನು ಹಿಂದಿನಂತೆಯೇ ಬಳಸಿ ಆದಾಯ ಗಳಿಸಬಹುದು, ಅಲ್ಲದೆ ಅಲ್ಲಿ ಕಟ್ಟಲಾಗದ ಅಂತಸ್ತುಗಳ ಹಕ್ಕನ್ನು ಸಮೀಪದ ಬೇರೆ ಜಾಗಗಳಿಗೆ ವರ್ಗಾಯಿಸಬಹುದು ಎಂಬ ಅಂಶ ತೀರ್ಪಿನಲ್ಲಿ ತೂಕ ಪಡೆಯಿತು. ಒಂದು ನಿಲ್ದಾಣ ಉರುಳಿದ್ದರಿಂದ ಇನ್ನೊಂದು ಉಳಿಯಿತೆಂದು ಹೇಳುವುದು ವಾಡಿಕೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಮಾಲೀಕರ ಲೆಕ್ಕಾಚಾರವನ್ನೇ ಬದಲಿಸುವ ಒಂದು ಸಾಧನ ಆಗ ನಗರದ ಕೈಯಲ್ಲಿತ್ತೆಂಬುದು.

ಅಂಥ ಸಾಧನ ಇಲ್ಲದ ಕಡೆ, ಅಥವಾ ಇದ್ದೂ ನಿಧಾನವಾಗಿರುವ ಕಡೆ, ವೇಗವೇ ಗೆಲ್ಲುತ್ತದೆ. ಲಂಡನ್ನಿನ ಪಶ್ಚಿಮಕ್ಕೆ ಬ್ರೆಂಟ್‌ಫರ್ಡ್‌ನಲ್ಲಿ 1928ರಲ್ಲಿ ಕಟ್ಟಿದ ಫೈರ್‌ಸ್ಟೋನ್ ಕಾರ್ಖಾನೆಯ ಮುಂಭಾಗ ಅಲ್ಲಿನ ಹೆದ್ದಾರಿಯ ಗುರುತಾಗಿತ್ತು. 1980ರ ಆಗಸ್ಟ್‌ನಲ್ಲಿ ಅದನ್ನು ಸಂರಕ್ಷಿತ ಪಟ್ಟಿಗೆ ಸೇರಿಸುವ ಆದೇಶ ಸಿದ್ಧವಾಗುತ್ತಿತ್ತು. ರಜೆಯ ವಾರಾಂತ್ಯದಲ್ಲಿ ಕಚೇರಿಗಳು ಮುಚ್ಚಿದ್ದಾಗ ಮಾಲೀಕರು ಆ ಮುಂಭಾಗವನ್ನೇ ಮೊದಲು ಒಡೆಸಿಹಾಕಿದರು. ಹಾಲ್ ಆಫ್ ನೇಷನ್ಸ್ ಉರುಳಿದ್ದು 2017ರ ಏಪ್ರಿಲ್ 23ರ ಭಾನುವಾರ ರಾತ್ರಿ, ಅದನ್ನು ಉಳಿಸಲು ಕೋರಿದ್ದ ಅರ್ಜಿಯನ್ನು ದೆಹಲಿ ಹೈಕೋರ್ಟ್ ತಳ್ಳಿಹಾಕಿದ ಕೆಲವೇ ದಿನಗಳಲ್ಲಿ. ಮೇಲ್ಮನವಿಗೆ ಹೋಗಲು, ಬೇರೆ ದಾರಿ ಹುಡುಕಲು ಸಿಕ್ಕ ಕಾಲ ಅಷ್ಟೇ. ಕೆಲಸದ ಕ್ರಮದಲ್ಲೂ ಒಂದು ಲೆಕ್ಕವಿರುತ್ತದೆ. ಗೋಪುರ, ಮುಖಮಂಟಪ, ಕೆತ್ತನೆಯ ಅಂಚು ಹೀಗೆ ಜನ ಯಾವುದರಿಂದ ಕಟ್ಟಡವನ್ನು ಗುರುತಿಸುತ್ತಾರೋ ಅದನ್ನೇ ಮೊದಲು ಒಡೆದರೆ, ಮರುದಿನ ತಡೆಯಾಜ್ಞೆ ಬಂದರೂ ಉಳಿಸಲು ಏನೂ ಇರುವುದಿಲ್ಲ.

ಕೆಡಹುವಿಕೆಯ ತಾಂತ್ರಿಕ ಸ್ವರೂಪವನ್ನು ತಿಳಿದರೆ ಗುಂಪು ಕಾಣುವುದೆಷ್ಟು, ಕಾಣದಿರುವುದೆಷ್ಟು ಎಂಬುದು ಇನ್ನಷ್ಟು ಸ್ಪಷ್ಟವಾಗುತ್ತದೆ. ಮೊದಲು ನೀರು, ವಿದ್ಯುತ್, ಅನಿಲ ಸಂಪರ್ಕಗಳನ್ನು ಕತ್ತರಿಸುತ್ತಾರೆ. ಕಲ್ನಾರಿನಂಥ ಅಪಾಯಕಾರಿ ವಸ್ತುಗಳನ್ನು ಮುಚ್ಚಿದ ವಾತಾವರಣದಲ್ಲಿ ತೆಗೆಯುತ್ತಾರೆ. ಆಮೇಲೆ ಬಾಗಿಲು, ಕಿಟಕಿ, ಮರ, ಗಾಜು, ತಾಮ್ರ, ನೆಲಹಾಸು ಹೊರಬರುತ್ತವೆ. ವಾರಗಟ್ಟಲೆ ನಡೆಯುವ ಈ ಕೆಲಸ ಪರದೆಯ ಹಿಂದೆ ಆಗುವುದರಿಂದ ಹೊರಗಿನವರಿಗೆ ಕಟ್ಟಡ ಇನ್ನೂ ನಿಂತಿದೆಯೆಂದೇ ಭಾಸವಾಗುತ್ತದೆ; ಒಳಗೆ ಉಳಿದಿರುವುದು ಚೌಕಟ್ಟು ಮಾತ್ರ. ನಂತರ ಉದ್ದ ತೋಳಿನ ಯಂತ್ರಗಳು ಮೇಲಿನಿಂದ ಕೆಳಕ್ಕೆ ಕಚ್ಚುತ್ತ ಬರುತ್ತವೆ. ಸ್ಫೋಟಕ ಬಳಸುವುದು ಅಪರೂಪ, ಬಳಸಿದಾಗಲೂ ಕಟ್ಟಡವನ್ನು ಒಡೆಯುವ ಹೆಚ್ಚಿನ ಕೆಲಸ ಮಾಡುವುದು ಅದರದ್ದೇ ತೂಕ: ಆಯ್ದ ಕಂಬಗಳನ್ನು ಸೆಕೆಂಡಿನ ಸಣ್ಣ ಅಂತರಗಳಲ್ಲಿ ಕತ್ತರಿಸಿದರೆ ಆಸರೆ ತಪ್ಪಿದ ಅಂತಸ್ತುಗಳು ಗೊತ್ತುಮಾಡಿದ ದಿಕ್ಕಿಗೆ ಕುಸಿಯುತ್ತವೆ. ಹಲವು ವರ್ಷಗಳಲ್ಲಿ ಎದ್ದು, ಎಷ್ಟೋ ದಶಕ ನಿಂತದ್ದು ಹತ್ತಾರು ಸೆಕೆಂಡುಗಳಲ್ಲಿ ಮುಗಿಯುತ್ತದೆ.

ನೋಡುವವರಿಗೆ ಆಗುವ ನೋವನ್ನು ಹಳೆಯ ವಸ್ತುಗಳ ಮೇಲಿನ ಮೋಹವೆಂದು ಬದಿಗಿಡುವುದು ಸುಲಭ, ಆದರೆ ತಪ್ಪು. ಫ್ರೆಂಚ್ ಸಮಾಜಶಾಸ್ತ್ರಜ್ಞ ಮೋರಿಸ್ ಹಾಲ್ಬ್‌ವಾಕ್ಸ್ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲೇ ಒಂದು ಸಮುದಾಯದ ನೆನಪು ಜಾಗಗಳಿಗೆ ಅಂಟಿಕೊಂಡಿರುತ್ತದೆಂದು ವಿವರಿಸಿದ್ದರು. ಬದಲಾಗದೆ ನಿಂತ ಗೋಡೆ, ಬೀದಿಗಳು ಜನರಿಗೆ ತಮ್ಮ ಬದುಕಿನ ನಿರಂತರತೆಯ ಭರವಸೆ ಕೊಡುತ್ತವೆ. ಬಾಸ್ಟನ್ನಿನ ವೆಸ್ಟ್ ಎಂಡ್ ಎಂಬ ಇಡೀ ಬಡಾವಣೆಯನ್ನು 1950ರ ದಶಕದ ಕೊನೆಯಲ್ಲಿ ಕೆಡವಿದಾಗ ಅಲ್ಲಿಂದ ಹೊರಹಾಕಲ್ಪಟ್ಟವರನ್ನು ಮನಶ್ಶಾಸ್ತ್ರಜ್ಞ ಮಾರ್ಕ್ ಫ್ರೀಡ್ ಅಧ್ಯಯನ ಮಾಡಿ 1963ರಲ್ಲಿ ಪ್ರಕಟಿಸಿದ ಬರಹ ಈ ವಿಷಯದಲ್ಲಿ ಇಂದಿಗೂ ಮುಖ್ಯ. ಆಪ್ತರ ಸಾವಿನ ನಂತರ ಕಾಣುವ ಲಕ್ಷಣಗಳೇ ಅವರಲ್ಲಿ ಹಲವರಲ್ಲಿ ಕಂಡವು: ದುಃಖ ಬಹುಕಾಲ ಉಳಿಯಿತು, ಕಳೆದುಹೋದ ಜಾಗವನ್ನು ಮನಸ್ಸು ಮತ್ತೆ ಮತ್ತೆ ಹುಡುಕಿತು. ಅವರು ಕಳೆದುಕೊಂಡದ್ದು ಮನೆಗಳನ್ನು. ಊರಿನ ಹೆಗ್ಗುರುತು ಉರುಳುವುದನ್ನು ನೋಡುವವರ ನಷ್ಟ ಅಷ್ಟು ಆಳವಲ್ಲದಿರಬಹುದು. ಆದರೂ ಅದು ಅದೇ ಜಾತಿಯ ನಷ್ಟ, ಮತ್ತು ಯಾವ ಯೋಜನೆಯ ವೆಚ್ಚದ ಪಟ್ಟಿಯಲ್ಲೂ ಅದಕ್ಕೆ ಸಾಲು ಇರುವುದಿಲ್ಲ.

ಪ್ರೀತಿಯನ್ನು ಆಧಾರವಾಗಿಟ್ಟುಕೊಂಡರೆ ಯಾರ ಪ್ರೀತಿ ಎಂಬ ಕಠಿಣ ಪ್ರಶ್ನೆ ಏಳುತ್ತದೆ. ಬರ್ಲಿನ್ನಿನ ನಡುವೆ ನಿಂತಿದ್ದ ರಾಜರ ಅರಮನೆ ಯುದ್ಧದಲ್ಲಿ ಹಾನಿಗೊಂಡಿತ್ತು. 1950ರಲ್ಲಿ ಪೂರ್ವ ಜರ್ಮನಿಯ ಸರ್ಕಾರ ಅದನ್ನು ಹಳೆಯ ಅರಸೊತ್ತಿಗೆಯ ಕುರುಹೆಂದು ಸ್ಫೋಟಿಸಿ ತೆಗೆಯಿತು. ಅದೇ ಜಾಗದಲ್ಲಿ 1976ರಲ್ಲಿ ತೆರೆದ ಗಣರಾಜ್ಯದ ಅರಮನೆಯಲ್ಲಿ ಸಂಸತ್ತಿನ ಜೊತೆಗೆ ಸಂಗೀತ ಸಭಾಂಗಣ, ಭೋಜನಶಾಲೆಗಳಿದ್ದವು. ಪೂರ್ವ ಬರ್ಲಿನ್ನಿನ ಸಾಮಾನ್ಯ ಜನ ಅಲ್ಲಿ ಹಬ್ಬ ಆಚರಿಸಿದ್ದರು, ಕುಣಿದಿದ್ದರು. ಜರ್ಮನಿ ಒಂದಾಗುವ ಹೊತ್ತಿಗೆ, 1990ರಲ್ಲಿ, ಕಲ್ನಾರಿನ ಕಾರಣಕ್ಕೆ ಅದನ್ನು ಮುಚ್ಚಿದರು. ಕಲ್ನಾರು ತೆಗೆದ ಮೇಲೂ ಕಟ್ಟಡ ಉಳಿಯಲಿಲ್ಲ. 2006ರಿಂದ 2008ರವರೆಗೆ ಅದನ್ನು ಬಿಚ್ಚಿ, ಹಳೆಯ ಅರಮನೆಯ ಮುಖಭಾಗಗಳನ್ನು ಮರುಸೃಷ್ಟಿಸಿದ ಹುಂಬೋಲ್ಟ್ ಫೋರಂ ಎಂಬ ವಸ್ತುಸಂಗ್ರಹಾಲಯವನ್ನು ಕಟ್ಟಿದರು. ಮೊದಲ ಅರಮನೆಯನ್ನು ಪ್ರೀತಿಸಿದವರಿಗೆ ಇದು ಮರಳಿ ಪಡೆದ ನ್ಯಾಯ. ಎರಡನೆಯದರಲ್ಲಿ ಯೌವನ ಕಳೆದವರಿಗೆ ತಮ್ಮ ಬದುಕಿನ ಒಂದು ಅಧ್ಯಾಯವನ್ನೇ ಅಳಿಸಿದ ಅನ್ಯಾಯ. ಗೆದ್ದವರ ನೆನಪು ಸೋತವರ ನೆನಪಿಗಿಂತ ಹೆಚ್ಚು ಬೆಲೆಯುಳ್ಳದ್ದೆಂದು ಒಪ್ಪಿಕೊಳ್ಳದೆ ಈ ನಿರ್ಧಾರವನ್ನು ಸಮರ್ಥಿಸುವ ದಾರಿ ನನಗೆ ಕಂಡಿಲ್ಲ. ಕಟ್ಟಡದ ಸೌಂದರ್ಯ ಅಥವಾ ಶೈಲಿಯನ್ನು ಮಾತ್ರ ಅಳೆಯುವ ಪಟ್ಟಿಗಳ ಕೊರತೆ ಇಲ್ಲಿಯೇ ಇದೆ. ಜನ ಅದನ್ನು ಹೇಗೆ ಬಳಸಿದರು, ಯಾವ ವರ್ಗದ ಜನ ಬಳಸಿದರು ಎಂಬುದೂ ದಾಖಲಾಗಬೇಕು. ಇಲ್ಲವಾದರೆ ಅರಮನೆಗಳು ಉಳಿಯುತ್ತವೆ, ಗಿರಣಿಗಳೂ ನೃತ್ಯಶಾಲೆಗಳೂ ಕಾರ್ಮಿಕರ ವಸತಿಗಳೂ ಹೋಗುತ್ತವೆ.

ಕೆಡವಿದ ಜಾಗಕ್ಕೆ ಕೊಟ್ಟ ಮಾತು ಈಡೇರದ ಚರಿತ್ರೆಯೂ ದೊಡ್ಡದು. ಮಾಸ್ಕೋದ ಕ್ರೈಸ್ಟ್ ದಿ ಸೇವಿಯರ್ ಕ್ಯಾಥೆಡ್ರಲನ್ನು 1931ರ ಡಿಸೆಂಬರ್ 5ರಂದು ಸಿಡಿಸಿದ್ದು ಅಲ್ಲಿ ಜಗತ್ತಿನ ಅತಿ ಎತ್ತರದ ಸೋವಿಯತ್ ಸೌಧವನ್ನು ಕಟ್ಟಲೆಂದು. ಅಡಿಪಾಯದ ಕೆಲಸದಾಚೆ ಹೆಚ್ಚು ಸಾಗುವ ಮೊದಲೇ ಯುದ್ಧ ಬಂದಿತು, ಉಕ್ಕನ್ನು ಕಳಚಿ ಬೇರೆಡೆ ಬಳಸಿದರು, ಹೊಂಡದಲ್ಲಿ ಕೊನೆಗೆ ಬಯಲು ಈಜುಕೊಳ ಬಂತು. ಈಗ ಅಲ್ಲಿರುವುದು 2000ದಲ್ಲಿ ಪ್ರತಿಷ್ಠಾಪನೆಗೊಂಡ, ಹಳೆಯ ಕ್ಯಾಥೆಡ್ರಲಿನ ಮರುನಿರ್ಮಾಣ. ಹೊಸ ಕಟ್ಟಡಕ್ಕೆ ಹಣ ಖಚಿತವಾಗದೆ ಹಳೆಯದನ್ನು ಮುಟ್ಟಬಾರದೆಂಬ ಸರಳ ನಿಯಮ ಇಂಥ ಎಷ್ಟೋ ನಷ್ಟಗಳನ್ನು ತಪ್ಪಿಸಬಲ್ಲದು.

ಕಳೆದ ಕೆಲವು ವರ್ಷಗಳಲ್ಲಿ ಈ ಚರ್ಚೆಗೆ ಇನ್ನೊಂದು ವಾದ ಸೇರಿಕೊಂಡಿದೆ, ಅದು ನೆನಪಿನದ್ದಲ್ಲ, ಇಂಗಾಲದ್ದು. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟ್ ತಯಾರಿಕೆಯೊಂದರದೇ ಪಾಲು ಸುಮಾರು 7ರಿಂದ 8 ಶೇಕಡಾ. ನಿಂತ ಕಟ್ಟಡಕ್ಕಾಗಿ ಆ ಹೊಗೆ ಎಂದೋ ಹೊರಬಿದ್ದಾಗಿದೆ. ಅದನ್ನು ಕೆಡವಿ ಹೊಸದು ಕಟ್ಟಿದರೆ ಇನ್ನೊಮ್ಮೆ ಹೊರಬೀಳುತ್ತದೆ, ಮತ್ತು ಹೊಸ ಕಟ್ಟಡ ವಿದ್ಯುತ್ ಉಳಿಸಿ ಆ ಸಾಲ ತೀರಿಸಲು ಹಲವು ದಶಕಗಳೇ ಬೇಕಾಗಬಹುದು. ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಮಳಿಗೆಯನ್ನು ಕೆಡವುವ ಪ್ರಸ್ತಾವವನ್ನು 2023ರ ಜುಲೈನಲ್ಲಿ ಸಚಿವರು ತಿರಸ್ಕರಿಸಿದಾಗ ಈ ವಾದಕ್ಕೆ ಪ್ರಾಮುಖ್ಯ ಸಿಕ್ಕಿತ್ತು. 2024ರ ಮಾರ್ಚ್‌ನಲ್ಲಿ ಹೈಕೋರ್ಟ್ ಆ ತಿರಸ್ಕಾರವನ್ನು ರದ್ದುಪಡಿಸಿತು, ವರ್ಷದ ಕೊನೆಗೆ ಹೊಸ ಸರ್ಕಾರ ಕೆಡವಲು ಅನುಮತಿ ಕೊಟ್ಟಿತು. ಆ ಪ್ರಕರಣ ಸೋತರೂ ವಾದ ಉಳಿದಿದೆ. ಫ್ರಾನ್ಸಿನ ಆನ್ ಲಕಾತೋಂ ಮತ್ತು ಜಾಂ ಫಿಲಿಪ್ ವಸಾಲ್ ಎಂಬ ವಾಸ್ತುಶಿಲ್ಪಿಗಳು ಬೋರ್ಡೋ ನಗರದಲ್ಲಿ 530 ಮನೆಗಳ ವಸತಿ ಸಮುಚ್ಚಯಕ್ಕೆ ಹೊರಗಿನಿಂದ ಹೊಸ ಚೌಕಟ್ಟು ಜೋಡಿಸಿ, ಗಾಜಿನ ಜಗಲಿಗಳಿಂದ ಪ್ರತಿ ಮನೆಯನ್ನೂ ಹಿಗ್ಗಿಸಿ, ನಿವಾಸಿಗಳನ್ನು ಹೊರಹಾಕದೆಯೇ ಕೆಲಸ ಮುಗಿಸಿದರು. 2021ರಲ್ಲಿ ಅವರಿಗೆ ವಾಸ್ತುಶಿಲ್ಪದ ಅತ್ಯುನ್ನತ ಗೌರವವೆನಿಸಿದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಿತು. ಕೆಡವದೆ ಬದಲಿಸುವ ವಿದ್ಯೆ ಇದೆ, ಕಲಿತವರೂ ಇದ್ದಾರೆ.

ಉಳಿಸಲಾಗದಿದ್ದಾಗ ತುಣುಕುಗಳಾದರೂ ಉಳಿಯಲಿ ಎಂಬ ಬೇಡಿಕೆ ಸಾಮಾನ್ಯ. ಇಂಪೀರಿಯಲ್ ಹೋಟೆಲಿನ ಮುಂಭಾಗವನ್ನು ಜಪಾನಿನ ಮೇಜಿ ಮುರಾ ವಸ್ತುಸಂಗ್ರಹಾಲಯದಲ್ಲಿ ಮತ್ತೆ ಕಟ್ಟಿದ್ದಾರೆ. ನಕಗಿನ್ ಗೋಪುರದ 23 ಕೋಶಗಳನ್ನು ಬಿಡಿಸಿ ಕಾಪಾಡಲಾಗಿದೆ. ಲಂಡನ್ನಿನ ಯೂಸ್ಟನ್ ನಿಲ್ದಾಣದ ಮುಂದಿದ್ದ, 1837ರ ಮಹಾದ್ವಾರವನ್ನು ತೀವ್ರ ವಿರೋಧದ ನಡುವೆಯೇ 1961–62ರಲ್ಲಿ ಕೆಡವಿದರು. ಅದರ ಕಲ್ಲುಗಳಲ್ಲಿ ಬಹುಪಾಲನ್ನು ಲೀ ನದಿಯ ಕಾಲುವೆಯೊಂದರ ತಳದ ಹೊಂಡ ಮುಚ್ಚಲು ಬಳಸಿದ್ದು 1994ರಲ್ಲಿ ಪತ್ತೆಯಾಯಿತು. ತುಣುಕುಗಳಿಗಿಂತ ಹೆಚ್ಚಿನ ಪ್ರಯೋಜನಕ್ಕೆ ಬರುವುದು ಅಳತೆಯ ನಕ್ಷೆ. ಯುದ್ಧದಲ್ಲಿ ನೆಲಸಮವಾದ ವಾರ್ಸಾದ ಹಳೆಯ ಪಟ್ಟಣವನ್ನು ಮತ್ತೆ ಎಬ್ಬಿಸಲು ಸಾಧ್ಯವಾದದ್ದು ವಾಸ್ತುಶಿಲ್ಪ ವಿದ್ಯಾರ್ಥಿಗಳು ಯುದ್ಧಪೂರ್ವದಲ್ಲಿ ಮಾಡಿಟ್ಟ ಅಳತೆಗಳು ಉಳಿದಿದ್ದರಿಂದ. ಲಂಡನ್ನಿನ ಕಾರ್ಲ್‌ಟನ್ ಟ್ಯಾವರ್ನ್ ಎಂಬ ಪಾನಗೃಹದ ವಿಷಯದಲ್ಲೂ ಹೀಗೇ ಆಯಿತು. ಪಟ್ಟಿಗೆ ಸೇರಿಸುವ ಪರಿಶೀಲನೆ ನಡೆಯುತ್ತಿದ್ದಾಗ, 2015ರ ಏಪ್ರಿಲ್‌ನಲ್ಲಿ, ಮಾಲೀಕರು ಅನುಮತಿಯಿಲ್ಲದೆ ಅದನ್ನು ಉರುಳಿಸಿದರು; ಸ್ಥಳೀಯ ಆಡಳಿತ ಇದ್ದಂತೆಯೇ ಮರಳಿ ಕಟ್ಟಲು ಆದೇಶಿಸಿತು. ಪರಿಶೀಲನೆಗಾಗಿ ವಿವರಗಳು ದಾಖಲಾಗಿದ್ದುದರಿಂದ ಆದೇಶ ಪಾಲನೆ ಸಾಧ್ಯವಾಗಿ, 2021ರಲ್ಲಿ ಕಟ್ಟಡ ಮತ್ತೆ ಬಾಗಿಲು ತೆರೆಯಿತು. 2023ರ ಆಗಸ್ಟ್‌ನಲ್ಲಿ ಬೆಂಕಿಗೆ ಸಿಕ್ಕು ಎರಡೇ ದಿನಗಳಲ್ಲಿ ನೆಲಸಮವಾದ, ಇಂಗ್ಲೆಂಡಿನ ಹಿಮ್ಲಿಯ ಕ್ರೂಕೆಡ್ ಹೌಸ್ ಪಾನಗೃಹದ ಬಗ್ಗೆಯೂ ಮರುವರ್ಷ ಅಂಥದೇ ಆದೇಶ ಹೊರಬಿತ್ತು. ದಂಡ ಕಟ್ಟಿ ಮುಗಿಸಬಹುದಾದ ತಪ್ಪಿಗೂ, ಕೆಡವಿದ್ದನ್ನು ತಾನೇ ಕಟ್ಟಿಕೊಡಬೇಕಾದ ತಪ್ಪಿಗೂ ಇರುವ ವ್ಯತ್ಯಾಸ ಮಾಲೀಕರಿಗೆ ಬಹಳ ಬೇಗ ಅರ್ಥವಾಗುತ್ತದೆ.

ಆದ್ದರಿಂದ ಬೇಲಿಯ ಬಳಿ ಕೇಳುವ ಪ್ರಶ್ನೆಯನ್ನು ಹತ್ತಿಪ್ಪತ್ತು ವರ್ಷ ಮುಂಚಿತವಾಗಿ ಕೇಳುವ ವ್ಯವಸ್ಥೆ ಬೇಕಾಗಿದೆ. ಕೆಡವಲು ಅನುಮತಿ ಕೋರುವ ಅರ್ಜಿ ಕಟ್ಟಡದ ಬಾಗಿಲಿನಲ್ಲೇ ಸಾಕಷ್ಟು ಕಾಲ ಅಂಟಿರಬೇಕು. ಅನುಮತಿ ಸಿಕ್ಕ ದಿನಕ್ಕೂ ಕೆಲಸ ಆರಂಭಕ್ಕೂ ನಡುವೆ ಮೇಲ್ಮನವಿಗೆ ಸಾಲುವಷ್ಟು ಅಂತರ ಕಡ್ಡಾಯವಾಗಬೇಕು. ದುರಸ್ತಿ ಮತ್ತು ಮರುಬಳಕೆಯ ವೆಚ್ಚವನ್ನು ಹೊಸ ನಿರ್ಮಾಣದ ವೆಚ್ಚದ ಪಕ್ಕದಲ್ಲೇ ಪ್ರಕಟಿಸಬೇಕು. ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಸಮೀಕ್ಷೆ. 1970 ಮತ್ತು 80ರ ದಶಕಗಳಲ್ಲಿ ಕಟ್ಟಿದ ಗ್ರಂಥಾಲಯಗಳು, ರಂಗಮಂದಿರಗಳು, ಚಿತ್ರಮಂದಿರಗಳು, ಬಸ್ ನಿಲ್ದಾಣಗಳು, ವಿಶ್ವವಿದ್ಯಾಲಯದ ಕಾಂಕ್ರೀಟ್ ಕಟ್ಟಡಗಳು ಇಂದು ಎಲ್ಲೆಡೆ ಸುಮಾರು ಮೂವತ್ತೈದರಿಂದ ಐವತ್ತೈದರ ವಯಸ್ಸಿನಲ್ಲಿವೆ. ಅವುಗಳಲ್ಲಿ ಬಹುಪಾಲು ಯಾವ ಪಟ್ಟಿಯಲ್ಲೂ ಇಲ್ಲ, ಹಲವನ್ನು ಜನ ಇನ್ನೂ ದಿನವೂ ಬಳಸುತ್ತಿದ್ದಾರೆ, ವಿನ್ಯಾಸಗೊಳಿಸಿದವರಲ್ಲಿ ಕೆಲವರು ಇನ್ನೂ ನಮ್ಮೊಂದಿಗಿದ್ದು ನಕ್ಷೆಗಳನ್ನು ಕೊಡಬಲ್ಲವರಾಗಿದ್ದಾರೆ. ಅಳತೆ ತೆಗೆಯುವ, ಬಳಸುವವರ ಮಾತು ದಾಖಲಿಸುವ, ಯಾವುದು ಉಳಿಯಬೇಕೆಂದು ಸಾರ್ವಜನಿಕವಾಗಿ ವಾದಿಸುವ ಕೆಲಸವನ್ನು ಅವುಗಳ ಚಾವಣಿ ಸೋರತೊಡಗುವ ಮುನ್ನ, ಅಂದರೆ ಈ ದಶಕದೊಳಗೆ, ಮಾಡಿಮುಗಿಸಬೇಕು.